ರಾಜೇಂದ್ರಣ್ಣನ ನಂಬರು

ರಾಜೇಂದ್ರ ತೀರಿಕೊಂಡ ಮೇಲೂ ಅವನ ಮೊಬೈಲಿಗೆ ಮೆಸೇಜು ಬರುವುದು ನಿಲ್ಲಲಿಲ್ಲ. ಬ್ಯಾಂಕಿನವು, ಸಿಮ್ ಕಂಪನಿಯವು ಹೇಗೂ ಬರುತ್ತವೆ. ಆದರೆ ದಿನಕ್ಕೆ ಹತ್ತಿಪ್ಪತ್ತು ಸಲ ಟಿಣ್ ಎನ್ನುತ್ತಿದ್ದುದು ‘ಹಳೇ ಕೋವಿ ಬಳಗ’ ಎಂಬ ವಾಟ್ಸಾಪ್ ಗುಂಪು.

ಹಳೆಯ ಬಂದೂಕುಗಳ ಹುಚ್ಚಿನ ನಾಲ್ಕಾರು ಜನ ಫೋನಿನಲ್ಲೇ ಕೂಡಿಕೊಂಡದ್ದು, ರಾಜೇಂದ್ರನನ್ನು ಯಾರೂ ಮುಖತಃ ನೋಡಿರಲಿಲ್ಲ. ಆ ಗುಂಪಿನ ವಿಷಯ ಅವನ ಹೆಂಡತಿ ಶ್ಯಾಮಲಾಗೆ ಗೊತ್ತಿತ್ತು. ರಾಜೇಂದ್ರ ಮೂವತ್ತೊಂದು ವರ್ಷ ಸಶಸ್ತ್ರ ಪೊಲೀಸರಲ್ಲಿ ಆರ್ಮರರ್ ಆಗಿದ್ದವನು. ಬಂದೂಕುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಕೆಟ್ಟದ್ದನ್ನು ಸರಿಮಾಡಿ ಜೋಡಿಸುವುದು ಅವನ ಕೆಲಸ. ನಿವೃತ್ತನಾಗಿ ಮಾಸ್ತಿಕಟ್ಟೆಗೆ ಬಂದು ಕೂತ ಮೇಲೆ ಕೈಗೆ ಕೆಲಸವಿರಲಿಲ್ಲ. ಸಂಜೆ ಹೆಂಡತಿಯ ಟೈಲರ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ಒಂದೇ ಬೆರಳಿನಲ್ಲಿ ಆ ಗುಂಪಿಗೆ ಬರೆಯುತ್ತಿದ್ದ. ಕಳಿಸುವ ಮುಂಚೆ ಅವಳಿಗೆ ಓದಿ ಹೇಳುತ್ತಿದ್ದ. ಮಕ್ಕಳಿಲ್ಲದ ಮನೆ. ಅವನು ಹೇಳುವುದಕ್ಕೂ ಅವಳು ಕೇಳುವುದಕ್ಕೂ ಬೇರೆ ಯಾರಿದ್ದರು? ಹೊಲಿಗೆ ಮಿಷನ್ನಿನ ದಾರ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಬಲ್ಲವಳಿಗೆ ಸ್ಟೆನ್ ಗನ್ನು ಎಲ್ಲಿ ಜಾಮ್ ಆಗುತ್ತದೆಂದು ತಿಳಿಯುವುದು ಕಷ್ಟವಾಗಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮಾರನೇ ದಿನ, ಸುದ್ದಿ ತಿಳಿಸಿಬಿಡೋಣವೆಂದೇ ಅವಳು ಆ ಗುಂಪನ್ನು ತೆರೆದಳು. ಅಲ್ಲಿ ವಾದ ನಡೆದಿತ್ತು. ಸಾಗರದ ಮರದ ಕೆತ್ತನೆಯ ದೀಪಕ್, ಸ್ಟೆನ್ನಿನ ಮ್ಯಾಗಜೀನು, ಅಂದರೆ ಗುಂಡು ತುಂಬುವ ಡಬ್ಬಿ, ಬಾಗಿರುತ್ತದೆ ಎಂದು ಪಟ್ಟು ಹಿಡಿದಿದ್ದ. ಕವಲೇದುರ್ಗದ ಕೆಳಗಿನ ಊರಿನ ಗೌತಮ್ ಎಂಬ ಹೈಸ್ಕೂಲು ಮೇಷ್ಟ್ರು ಅನುಮಾನದಲ್ಲಿದ್ದರು. ಶ್ಯಾಮಲಾ ತಡೆಯಲಾರದೆ ಬರೆದಳು: ‘ಬಾಗಿರುವುದು ಸ್ಟರ್ಲಿಂಗಿನದು. ಸ್ಟೆನ್ನಿನದು ನೆಟ್ಟಗೆ. ಮೂವತ್ತೆರಡು ಗುಂಡು ಹಿಡಿಸಿದರೂ ತಿಳಿದವರು ಎರಡು ಮೂರು ಕಡಿಮೆಯೇ ತುಂಬುತ್ತಿದ್ದರು, ಇಲ್ಲದಿದ್ದರೆ ಕಚ್ಚಿಕೊಳ್ಳುತ್ತಿತ್ತು.’

‘ಬಂದ್ರಪ್ಪಾ ರಾಜೇಂದ್ರಣ್ಣ! ಎಲ್ಲಿಗೆ ಹೋಗಿದ್ರಿ ಮಾರಾಯ್ರೆ ಇಷ್ಟು ದಿನ?’ ಎಂದು ದೀಪಕ್ ಬರೆದ. ಇನ್ನಿಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಹೇಳಬೇಕಾದ ಮಾತು ಅವಳ ಬೆರಳ ತುದಿಯಲ್ಲೇ ಉಳಿಯಿತು. ‘ಸ್ವಲ್ಪ ಹುಷಾರಿರಲಿಲ್ಲ’ ಎಂದು ಬರೆದು ಮೊಬೈಲು ಮಗುಚಿಟ್ಟಳು. ಆ ದಿನ ಅವಳೊಡನೆ ಮಾತಾಡಿದವರು ಅವರು ಮೂವರೇ.

ಹಾಗೆ ಎಂಟು ತಿಂಗಳು ಕಳೆಯಿತು. ಹತ್ತಿರದ ಡ್ಯಾಮಿನ ಕೆಲಸ ಮುಗಿದು ನೌಕರರೆಲ್ಲ ಹೋದ ಮೇಲೆ ಮಾಸ್ತಿಕಟ್ಟೆಯಲ್ಲಿ ಅರ್ಧ ಕ್ವಾರ್ಟರ್ಸು ಖಾಲಿ. ಬಟ್ಟೆ ಹೊಲಿಸುವವರೂ ಕಡಿಮೆ. ಫಾಲ್ಸ್ ಹಾಕಲು ಕೊಟ್ಟ ಸೀರೆ ಪಕ್ಕಕ್ಕಿಟ್ಟು ಅವಳು ಗಂಡನ ಹಳೆಯ ನೋಟ್‌ಬುಕ್ ತೆಗೆದು ಉತ್ತರ ಹುಡುಕುತ್ತಿದ್ದಳು. ಊಜಿ ಬಂದೂಕು ಅಷ್ಟು ಗಿಡ್ಡ ಯಾಕೆ ಎಂದರೆ, ಒಳಗೆ ಹಿಂದೆ ಮುಂದೆ ಸರಿಯುವ ಅದರ ಬೋಲ್ಟು ನಳಿಗೆಯನ್ನು ಅಂಗಿಯ ತೋಳಿನ ಹಾಗೆ ಸುತ್ತಿಕೊಂಡಿರುತ್ತದೆ, ಮ್ಯಾಗಜೀನು ಹಿಡಿಕೆಯೊಳಗೇ ಕೂರುತ್ತದೆ ಎಂದು ಬರೆದಳು. ಸ್ಟರ್ಲಿಂಗಿನ ಬೋಲ್ಟಿನ ಮೇಲಿನ ಗೀರುಗಳು ಅಂದಕ್ಕಲ್ಲ, ಮಣ್ಣು ಮರಳನ್ನು ಹೊರಹಾಕುವುದಕ್ಕೆ ಎಂದು ಬರೆದಳು. ಯಾರಾದರೂ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ‘ಕಿವಿ ಸರಿಯಿಲ್ಲ, ಬರೆದೇ ಕಳಿಸಿ’ ಎನ್ನುತ್ತಿದ್ದಳು.

ನಡುವೆ, ಶ್ರಾವಣದಲ್ಲಿ ಒಂದು ದಿನ ನಿಟ್ಟೂರಿನ ಬಾಲು ಗುಂಪಿಗೆ ಹಾಕದೆ ನೇರವಾಗಿ ರಾಜೇಂದ್ರನಿಗೇ ಬರೆದ. ಮಿಲಿಟರಿಯಿಂದ ನಿವೃತ್ತನಾದವನು, ಗುಂಪಿನಲ್ಲಿ ಮಾತು ಕಡಿಮೆ. ಆ ದಿನ ಮಾತ್ರ ಉದ್ದಕ್ಕೆ ಬರೆದಿದ್ದ. ಮೂವತ್ತೈದು ವರ್ಷದ ಹಿಂದೆ ಕ್ಯಾಂಪಿನಲ್ಲಿ ಲಾರಿ ಇಳಿಯುವಾಗ ಅವನ ಕೈಯಿಂದ ಕಾರ್ಬೈನು ಬಂದೂಕು ಜಾರಿ ಬಿದ್ದು, ಬಿದ್ದ ಪೆಟ್ಟಿಗೇ ಗುಂಡು ಹಾರಿ ಜೊತೆಗಾರ ವಾಸಪ್ಪನ ಮೊಣಕಾಲು ಒಡೆದಿತ್ತು. ಸೀಟಿನ ಮೇಲಿಟ್ಟಿದ್ದು ತಾನಾಗಿ ಉರುಳಿತು ಎಂದು ಬಾಲು ವಿಚಾರಣೆಯಲ್ಲಿ ಹೇಳಿದ್ದ. ‘ಹೆಂಡ್ತಿಗೂ ಹೇಳಿಲ್ಲ ರಾಜೇಂದ್ರಣ್ಣ. ನೀವು ಆ ಸಾಮಾನಿನ ಗುಣ ಬಲ್ಲವರು, ಅದಕ್ಕೆ ಹೇಳಿದೆ.’

ಶ್ಯಾಮಲಾ ಎರಡು ದಿನ ಯೋಚಿಸಿದಳು. ಇದಕ್ಕೆ ನೋಟ್‌ಬುಕ್ಕಿನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಬರೆದಳು: ‘ಆ ಜಾತಿಯ ಬಂದೂಕು ಬಿದ್ದರೆ ಹಾರುವುದುಂಟು. ಅದು ಬಂದೂಕಿನ ತಪ್ಪು. ಜಾರಿದ್ದು ಕೈತಪ್ಪು. ಸುಳ್ಳು ಹೇಳಿದ್ದು ಮಾತ್ರ ನಿಮ್ಮದು. ವಾಸಪ್ಪ ಇದ್ದರೆ ಒಮ್ಮೆ ಹೋಗಿ ಹೇಳಿ.’ ಬಾಲು ಓದಿದ ನೀಲಿ ಗುರುತು ಬಿತ್ತು, ಅಷ್ಟೇ.

ಜನವರಿಯಲ್ಲಿ ದೀಪಕ್ ಮರದಲ್ಲಿ ಒಂದು ಸ್ಟೆನ್ ಗನ್ನು ಕೆತ್ತಿ ಮುಗಿಸಿದ. ಅದನ್ನು ನೋಡುವ ನೆಪದಲ್ಲಿ ಎಲ್ಲರೂ ಹೊಸನಗರದಲ್ಲಿ ಸೇರುವುದೆಂದಾಯಿತು. ಶ್ಯಾಮಲಾ ಎರಡು ಸಲ ನೆಪ ಹೇಳಿ ತಪ್ಪಿಸಿದಳು. ಮೂರನೇ ಸಲ ಗೌತಮ್ ಮೇಷ್ಟ್ರು, ‘ನೀವು ಬರದಿದ್ರೆ ನಾವೇ ಮಾಸ್ತಿಕಟ್ಟೆಗೆ ಬರ್ತೀವಿ. ನಮ್ಮಲ್ಲಿ ಅದನ್ನ ಕೈಯಾರೆ ಬಿಚ್ಚಿದವರು ನೀವೊಬ್ರೇ’ ಎಂದು ಬರೆದರು. ಅವರು ಬಂದು ಹಾರ ಹಾಕಿದ ಫೋಟೋದೆದುರು ನಿಲ್ಲುವುದಕ್ಕಿಂತ ತಾನೇ ಹೋಗುವುದು ಮೇಲು ಎನಿಸಿತು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆಯುಟ್ಟು ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಮೂವರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮೇಜಿನ ಮೇಲೆ ಟವೆಲ್ಲು ಸುತ್ತಿದ ಉದ್ದನೆಯ ವಸ್ತು. ಎದುರಿಗೆ ಒಂದು ಖಾಲಿ ಕುರ್ಚಿ. ಶ್ಯಾಮಲಾ ಪಕ್ಕದ ಮೇಜಿಗೆ ಕೂತು ಕಾಫಿ ಹೇಳಿದಳು. ಬಾಗಿಲಲ್ಲಿ ಯಾರು ಕಂಡರೂ ಮೂವರೂ ತಲೆಯೆತ್ತುತ್ತಿದ್ದರು.

“ಎತ್ತರದವ್ರು ಅಂತ ನಂಗನ್ಸುತ್ತೆ,” ಎಂದ ಕನ್ನಡಕದ ದೀಪಕ್. “ಬರೆಯೋದು ನೋಡಿದ್ರೆ ಗತ್ತಿದೆ.”

“ಕಿವಿ ಕೇಳಲ್ಲ ಅಂದಿದಾರೆ, ಗಟ್ಟಿ ಮಾತಾಡ್ಬೇಕು,” ಎಂದರು ಮೇಷ್ಟ್ರು.

ಬಾಲು ಬಾಗಿಲನ್ನೇ ನೋಡುತ್ತಿದ್ದ. ಅವನ ಪಕ್ಕದಲ್ಲೊಂದು ಸಣ್ಣ ಸ್ವೀಟಿನ ಪೊಟ್ಟಣವಿತ್ತು. ಇಲ್ಲಿಂದಲೇ ಎದ್ದು ಹೋಗಿಬಿಡಬಹುದು ಎಂದು ಅವಳಿಗೆ ಹೊಳೆಯಿತು. ನಂಬರು ತೆಗೆದುಹಾಕಿದರೆ ಮುಗಿಯಿತು. ಆದರೆ ರಾಜೇಂದ್ರನಿಗೆಂದೇ ತಂದಂತಿದ್ದ ಆ ಪೊಟ್ಟಣ ನೋಡಿದ ಮೇಲೆ ಅವಳಿಂದ ಆಗಲಿಲ್ಲ. ಎದ್ದು ಖಾಲಿ ಕುರ್ಚಿಯ ಹಿಂದೆ ನಿಂತಳು.

“ನಾನು ರಾಜೇಂದ್ರ ಅವ್ರ ಹೆಂಡ್ತಿ, ಶ್ಯಾಮಲಾ.”

ದೀಪಕ್ ಗಡಬಡಿಸಿ ಎದ್ದ. “ಬನ್ನಿ ಅಕ್ಕ, ಕೂತ್ಕಳಿ. ಅಣ್ಣ ಬಂದ್ರಾ? ಎಲ್ಲಿ?”

“ಅವ್ರು ಹೋಗಿ ಎಂಟು ತಿಂಗ್ಳಾಯ್ತು. ಹಾರ್ಟು.” ಅವಳು ಕೂರಲಿಲ್ಲ. “ಆಮೇಲೆ ಬರ್ದಿದ್ದೆಲ್ಲ ನಾನು. ಹೇಳ್ಬೇಕಂತಲೇ ತೆಗೆದಿದ್ದು ಅವತ್ತು. ನೀವು ‘ಬಂದ್ರಪ್ಪಾ’ ಅಂದ್ರಿ. ಹೇಳಕ್ಕಾಗ್ಲಿಲ್ಲ.”

ಸಪ್ಲೈಯರ್ ಬಂದು ಇನ್ನೇನು ಬೇಕು ಎಂದು ಕೇಳಿದ; ದೀಪಕ್ ಅವನನ್ನು ಕೈಸನ್ನೆಯಲ್ಲೇ ಕಳಿಸಿದ. ಬಾಲುವಿನ ಮುಖ ನಿಧಾನಕ್ಕೆ ಕೆಂಪೇರಿತು.

“ಶ್ರಾವಣದಲ್ಲಿ ನಾನು ಬರ್ದಿದ್ದು?”

“ಓದಿದ್ದು ನಾನೇ.”

“ಅದು ನಾನು ಅವ್ರಿಗೆ ಹೇಳಿದ್ದು ಕಣ್ರೀ! ನಿಮಗಲ್ಲ!” ಇಡೀ ಹೋಟೆಲು ತಿರುಗಿ ನೋಡುವಂತೆ ಕೂಗಿದ ಬಾಲು, ಎದ್ದು ಹೊರಗೆ ಹೋದ. ಸ್ವೀಟಿನ ಪೊಟ್ಟಣ ಮೇಜಿನ ಮೇಲೇ ಉಳಿಯಿತು.

ಮೇಷ್ಟ್ರು ಅವಳನ್ನು ಬಲವಂತದಿಂದ ಕೂರಿಸಿದರು. ಯಾವ ಆಸ್ಪತ್ರೆ, ಎಷ್ಟು ವಯಸ್ಸು ಎಂದೆಲ್ಲ ಕೇಳಿದರು. ದೀಪಕ್ ಏನು ಮಾಡಬೇಕೆಂದು ತಿಳಿಯದೆ ಟವೆಲ್ಲು ಬಿಚ್ಚಿದ. ಹೊನ್ನೆ ಮರದಲ್ಲಿ ನಯವಾಗಿ ಕೆತ್ತಿದ್ದ ಸ್ಟೆನ್ನು. ಶ್ಯಾಮಲಾ ಅದನ್ನು ಎತ್ತಿ ಹಿಡಿದಳು. ಗಂಡ ಬಾಯಲ್ಲಿ ಹೇಳಿದ್ದೇ ಹೊರತು ಅವಳು ಬಂದೂಕು ಮುಟ್ಟಿದವಳಲ್ಲ.

“ನಿಜದ್ದು ಇದಕ್ಕಿಂತ ಭಾರ ಇರುತ್ತೆ, ಅಲ್ವಾ?” ಎಂದು ಅವಳೇ ಕೇಳಿದಳು. ಇಬ್ಬರಿಗೂ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದು ಗುಂಪಿನಿಂದ ಗಂಡನ ನಂಬರು ತೆಗೆದಳು. ಮಾರನೇ ದಿನ ಮೇಷ್ಟ್ರು, ಹೋಟೆಲಿನಲ್ಲೇ ಬರೆದುಕೊಂಡಿದ್ದ ಅವಳದೇ ನಂಬರನ್ನು ಸೇರಿಸಿದರು. ‘ಶ್ಯಾಮಲಕ್ಕನಿಗೆ ಸ್ವಾಗತ’ ಎಂದು ಹೂವಿನ ಚಿತ್ರಗಳು ಬಂದವು. ಆದರೆ ಅಕ್ಕನನ್ನು ಯಾರೂ ಏನನ್ನೂ ಕೇಳಲಿಲ್ಲ. ಬೋಲ್ಟು, ಸ್ಪ್ರಿಂಗಿನ ಮಾತು ಬಂದರೆ ಅವರವರೇ ತಿಣುಕಾಡುತ್ತಿದ್ದರು. ಒಮ್ಮೆ ಅವಳು ಒಂದು ತಪ್ಪು ತಿದ್ದಿದಾಗ ದೀಪಕ್, ‘ಇರಬಹುದು ಅಕ್ಕ’ ಎಂದು ಬರೆದ. ಅದೇ ಮಾತನ್ನು ರಾಜೇಂದ್ರನ ನಂಬರಿನಿಂದ ಬರೆದಿದ್ದರೆ ಕೈ ಮುಗಿಯುತ್ತಿದ್ದ. ಆಮೇಲೆ ಅವಳು ಓದುವುದಷ್ಟೇ.

ಮಾರ್ಚಿನ ಒಂದು ಮಧ್ಯಾಹ್ನ ಬಾಲು ಫೋನ್ ಮಾಡಿದ. ಕರೆಂಟು ಹೋಗಿತ್ತು, ಅವಳು ಕತ್ತರಿ ಕೆಳಗಿಟ್ಟು ಬಾಗಿಲ ಬೆಳಕಿಗೆ ಬಂದಳು.

“ವಾಸಪ್ಪನ ಮನೆಗೆ ಹೋಗಿದ್ದೆ,” ಎಂದ, ಹೇಗಿದ್ದೀರಿ ಎಂದೂ ಕೇಳದೆ. “ಕೋಲು ಹಿಡ್ದು ನಡೀತಾನೆ. ಹೇಳ್ದೆ. ಅವ್ನಿಗೆ ಮೊದ್ಲಿಂದಾನೂ ಗೊತ್ತಿತ್ತಂತೆ. ಜಾರಿದ್ದನ್ನ ಕಣ್ಣಾರೆ ನೋಡಿದ್ನಂತೆ. ಇವ್ನು ಯಾವಾಗ ಬಂದು ಹೇಳ್ತಾನೆ ಅಂತ ಕಾಯ್ತಿದ್ದೆ, ಆಮೇಲೆ ಕಾಯೋದು ಬಿಟ್ಟೆ ಅಂದ.”

ಶ್ಯಾಮಲಾ ಹೊಸ್ತಿಲ ಮೇಲೆ ಕೂತಳು.

“ಒಂದ್ ಕೇಳ್ತೀನಿ. ಅವತ್ತು ನಂಗೆ ಬರ್ದಿದ್ರಲ್ಲ, ಅದು ರಾಜೇಂದ್ರಣ್ಣ ಯಾವಾಗ್ಲಾದ್ರೂ ಹೇಳಿದ್ದ ಮಾತಾ?”

ಹೌದು ಎಂದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅದು ಅವಳಿಗೆ ತಿಳಿಯಿತು.

“ಇಲ್ಲ,” ಎಂದಳು. “ನನ್ದೇ.”

ಆ ಕಡೆ ದೂರದಲ್ಲಿ ಯಾರೋ ಅವನನ್ನು ಊಟಕ್ಕೆ ಕರೆದರು.

“ಸರಿ ಹಾಗಾರೆ,” ಎಂದ. ಇಡುವ ಮುಂಚೆ, “ಊಟ ಆಯ್ತಾ ನಿಮ್ದು?” ಎಂದು ಕೇಳಿದ.

ಆಗಿರಲಿಲ್ಲ. ಆಯ್ತು ಎಂದಳು.