ಕಚ್ಚದ ಇರುವೆ

ಜವಳಗಿರಿ ಕಡೆಯ ಕಾಡಂಚಿನಲ್ಲಿರುವ ಕೊಂಡಮ್ಮನ ಮಾವಿನ ತೋಟಕ್ಕೆ ಹೋದ ವರ್ಷ ಹೊಸ ಇರುವೆ ಬಂತು. ನರ್ಸರಿಯಿಂದ ತಂದ ಸಸಿಗಳ ಮಣ್ಣಿನಲ್ಲಿ ಇದ್ದಿರಬೇಕು. ಹಳದಿ ಮೈ, ಉದ್ದುದ್ದ ಕಾಲು, ದಿಕ್ಕುಗೆಟ್ಟಂತೆ ಓಡಾಡುತ್ತಿದ್ದವು. ಕೈಮೇಲೆ ಹರಿದರೂ ಕಚ್ಚುತ್ತಿರಲಿಲ್ಲ.

ಕಚ್ಚದ ಕಪ್ಪಿರುವೆಗೆ ತಮಿಳಿನಲ್ಲಿ ಪಿಳ್ಳೆಯಾರ್ ಎರುಂಬು ಎನ್ನುತ್ತಾರೆ. ಗಣಪನ ಇರುವೆ, ಕೊಲ್ಲಬಾರದು. ಕೃಷ್ಣಗಿರಿಯಿಂದ ಬಂದ ಸೊಸೆ ಸೆಲ್ವಿ ಹಳದಿಯವನ್ನೂ ಆ ಲೆಕ್ಕಕ್ಕೇ ಸೇರಿಸಿದಳು. ಕೊಂಡಮ್ಮನೂ ಒಪ್ಪಿದಳು. ಪ್ರತಿ ಶುಕ್ರವಾರ ಕಪ್ಪಿರುವೆ ಗೂಡಿಗೆ ಹಾಕುತ್ತಿದ್ದ ರವೆ-ಸಕ್ಕರೆಯಲ್ಲಿ ಒಂದು ಹಿಡಿ, ಹಳದಿಯವು ಗೂಡು ಮಾಡಿಕೊಂಡಿದ್ದ ಕೊಟ್ಟಿಗೆಯ ಮೂಲೆಗೂ ಬೀಳತೊಡಗಿತು.

ಹಳದಿಯವು ಹಬ್ಬಿದಂತೆ ಮಾವಿನ ಮರದಲ್ಲಿದ್ದ ಕೆಂಪಿರುವೆಯ, ಅಂದರೆ ಕೆಂಜಿಗದ, ಎಲೆಗೂಡುಗಳು ಬರಿದಾದವು. ಕಾಯಿ ಕೀಳುವವರಿಗೆ ಕಡಿತ ತಪ್ಪಿತೆಂದು ಕೊಂಡಮ್ಮನ ಗಂಡ ಆವುಲಪ್ಪ ಖುಷಿಪಟ್ಟ. ಆಮೇಲೆ ಎಲೆಗಳು ಅಂಟಂಟಾಗಿ ಕಪ್ಪುಗಟ್ಟಿದವು. ಕೆಂಜಿಗ ತಿಂದು ಹಾಕುತ್ತಿದ್ದ ಹುಳಗಳೆಲ್ಲ ಉಳಿದುಕೊಂಡವು; ಹಿಟ್ಟಿನಂಥ ಬಿಳಿ ಹುಳಗಳಿಗಂತೂ, ಅವು ಸುರಿಸುವ ಸಿಹಿ ಅಂಟಿನ ಆಸೆಗೆ, ಹಳದಿ ಇರುವೆಗಳೇ ಕಾವಲು.

ಕೊಂಡಮ್ಮನ ಗಮನವೆಲ್ಲ ಗಬ್ಬದ ಮೇಕೆಯ ಮೇಲಿತ್ತು. ಹಿಂದಿನ ಸಲದ ಮರಿಗಳು ಉಳಿದಿರಲಿಲ್ಲ. ಈ ಸಲ ಮೇಕೆ ನಸುಕಿನಲ್ಲಿ ಎರಡು ಮರಿ ಹಾಕಿತು. ಸೆಲ್ವಿ ಹೋಗಿ ನೋಡುವಷ್ಟರಲ್ಲಿ ಮರಿಗಳ ಒದ್ದೆ ಮೈಗೆಲ್ಲ ಹಳದಿ ಇರುವೆ ಮುತ್ತಿತ್ತು. ಮೊದಲು ಹುಟ್ಟಿದ ಮರಿಯ ಕಣ್ಣೆರಡೂ ಹಾಲಿನಂತೆ ಬೆಳ್ಳಗಾಗಿದ್ದವು.

ಬಿಸಿಲೇರಿದ ಮೇಲೆ ದನದ ಡಾಕ್ಟರು ಬಂದರು. ಈ ಇರುವೆ ಕಚ್ಚುವುದಿಲ್ಲ, ಹುಳಿನೀರು ಚಿಮ್ಮಿಸುತ್ತದೆ, ಸುಟ್ಟ ಕಣ್ಣು ಮತ್ತೆ ಬರುವುದು ಕಷ್ಟ ಎಂದರು. ಇನ್ನೊಂದನ್ನಾದರೂ ಜೋಪಾನ ಮಾಡಿ ಎಂದು ಕಣ್ಣು ತೊಳೆದು ಹನಿ ಬಿಟ್ಟು ಹೋದರು.

ಸೆಲ್ವಿ ಕೊಟ್ಟಿಗೆಯ ಬಾಗಿಲಲ್ಲೇ ಕೂತಳು. "ನಾನೇ ಅತ್ತೆ, ಪಿಳ್ಳೆಯಾರ್ ಅಂದಿದ್ದು."

"ನೀನಂದೆ, ನಾನು ರವೆ ಹಾಕ್ದೆ. ಏಳಮ್ಮಿ, ನಾಕು ಕರಟ ತಗಂಬಾ."

ಇಬ್ಬರೂ ನಡುಮನೆಯ ಕಬ್ಬಿಣದ ಮಂಚದ ಕಾಲುಗಳ ಕೆಳಗೆ ಕರಟ ಇಟ್ಟು, ಇರುವೆ ಹತ್ತದಂತೆ ನೀರು ತುಂಬಿ, ಮರಿಗಳನ್ನು ಮಂಚದ ಮೇಲೆ ಮಲಗಿಸಿದರು. ಮೇಕೆಯನ್ನೂ ಒಳಗೇ ತಂದು ಕಟ್ಟಿದರು.

ತೋಟದಿಂದ ಬಂದ ಆವುಲಪ್ಪ ತನ್ನ ಮಂಚವನ್ನು ನೋಡಿದ. "ಇನ್ನು ನಾನೆಲ್ಲಿ ಮನಿಕ್ಕಳ್ಳಿ?"

"ಮೇಕೆ ಜಾಗ ಖಾಲಿ ಐತೆ," ಎಂದಳು ಕೊಂಡಮ್ಮ.

ಎರಡನೆಯ ಮರಿಯ ಮುಂದೆ ಸೆಲ್ವಿ ಬೆರಳಾಡಿಸಿದಳು. ಅದು ಕಣ್ಣು ಪಿಳುಕಿಸಿತು. ಮೊದಲನೆಯದರ ಮುಂದೆ ಆಡಿಸಿದರೆ ರೆಪ್ಪೆ ಅಲುಗಲಿಲ್ಲ.

ಅಂದು ಶುಕ್ರವಾರ. ಸಂಜೆ ಕೊಂಡಮ್ಮ ರವೆ ಹಿಡಿದು ಕಪ್ಪಿರುವೆ ಗೂಡಿನ ತನಕ ಹೋದಳು. ಅಲ್ಲಿ ಒಂದು ಕಪ್ಪಿರುವೆಯೂ ಇರಲಿಲ್ಲ; ಹಳದಿಯವೇ ಹರಿದಾಡುತ್ತಿದ್ದವು. ಹಾಕಿದರೆ ಯಾವುದು ತಿನ್ನುತ್ತದೆಂದು ಈಗ ಗೊತ್ತಿತ್ತು. ರವೆಯನ್ನು ಡಬ್ಬಿಗೇ ಸುರಿದು ಬಂದು, ಕುರುಡು ಮರಿಯನ್ನು ಎತ್ತಿ ಮೇಕೆಯ ಕೆಚ್ಚಲಿಗೆ ಹಿಡಿದಳು.