ಎಲ್ಲರ ಆಂಟೆನಾ ಪೆಟ್ಟಿಗೆ

ಡ್ಯಾನ್ಯೂಬ್ ಹೊಳೆಯಾಚೆಯ ತವರುದೇಶ ರೊಮೇನಿಯಾದ ಟೀವಿ ಚಾನೆಲ್ಲಿನಲ್ಲಿ ಅಂದು ವಿಯೋರಿಕಾಳ ತಂಗಿ ಹಾಡುವವಳಿದ್ದಳು. ಇವಳ ಮನೆಯ ಟೀವಿ ಪರದೆ ತುಂಬ ಬರೀ ಗೆರೆ. ಮುದುಕಿ ವಿಯೋರಿಕಾ ಸಿಟ್ಟಿನಿಂದ ತಾರಸಿ ಹತ್ತಿದಳು. ಇಡೀ ಕಟ್ಟಡಕ್ಕೆ ಎಲ್ಲ ಚಾನೆಲ್ ಹಂಚುವ ಒಂದೇ ಪೆಟ್ಟಿಗೆ ಅಲ್ಲಿತ್ತು. ಕಟ್ಟಡ ನೋಡಿಕೊಳ್ಳುವ ಸ್ತಾಮೆನ್ ಫುಟ್‌ಬಾಲ್ ಚಾನೆಲ್ಲಿನ ತಿರುಪನ್ನು ಕೊನೆತನಕ ಏರಿಸಿ ನಿಂತಿದ್ದ. ಅದರ ಸಿಗ್ನಲ್ಲಿನ ಜೋರಿಗೆ ಮಿಕ್ಕ ಚಾನೆಲ್ಲುಗಳೆಲ್ಲ ಕೆಟ್ಟಿದ್ದವು.

“ಇವತ್ತೊಂದಿನ ಸಹಿಸ್ಕೋ ಅಜ್ಜಿ. ನಿನ್ನ ರೊಮೇನಿಯಾ ಹಾಡು ಯಾರಿಗ್ ಬೇಕು?”

“ನಂಗ್ ಬೇಕು ಕಣೋ! ಪೆಟ್ಟಿಗೆ ನಿಮ್ಮಪ್ಪನ ಮನೇದಾ? ಇಳಿಸು!”

“ಆಟ ಮುಗೀಲಿ.”

ವಿಯೋರಿಕಾ ಪೆಟ್ಟಿಗೆಯ ಕರೆಂಟನ್ನೇ ಕಿತ್ತಳು. ಎಲ್ಲ ಮನೆಗಳಿಂದ ಸ್ತಾಮೆನ್ನನಿಗೆ ಬೈಗುಳ ಏರಿಬಂತು. ಅವನು ಹಲ್ಲು ಕಡಿಯುತ್ತ ತಿರುಪು ಇಳಿಸಿದ ಮೇಲೇ ಅವಳು ಕರೆಂಟು ಕೊಟ್ಟಿದ್ದು.

ಮನೆಗಿಳಿಯುವಷ್ಟರಲ್ಲಿ ತಂಗಿ ಹಾಡು ಮುಗಿಸಿ ತಲೆಬಾಗುತ್ತಿದ್ದಳು. ವಿಯೋರಿಕಾ ಅಡುಗೆಮನೆಯ ಕತ್ತರಿ ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು. ಫುಟ್‌ಬಾಲಿನ ವೈರು ಯಾವುದೆಂದು ನೋಡಿಕೊಂಡೇ ಬಂದಿದ್ದಳು.