ವೆಂಕಟಾಚಲ ಮೇಷ್ಟ್ರ ವಿದ್ಯುತ್ ಗಂಟೆ

ವೆಂಕಟಾಚಲ ಮೇಷ್ಟ್ರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಚಾಮರಾಜಪೇಟೆಯ ಆ ಮಿಡಲ್ ಸ್ಕೂಲಿನಲ್ಲಿ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಹೋದದ್ದು ಸಣ್ಣಪುಟ್ಟ ಸದ್ದುಗಳು. ಗೋಡೆ ಗಡಿಯಾರ ನಿಂತುಹೋಗಿದೆ ಎಂದುಕೊಂಡು ಹತ್ತಿರ ಹೋಗಿ ನೋಡಿದರೆ ಅದು ನಡೆಯುತ್ತಲೇ ಇತ್ತು. ಆಮೇಲೆ ಸೊಪ್ಪಿನವಳ ಕೂಗು ಹೋಯಿತು. ೧೯೫೧ರ ದಸರೆ ಕಳೆಯುವ ಹೊತ್ತಿಗೆ, ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದವರ ತುಟಿ ಆಡುವುದಷ್ಟೇ ಕಾಣುತ್ತಿತ್ತು.

ಅವರು ಉಪಾಯ ಮಾಡಿಕೊಂಡರು. ಸಂದೇಹ ಇದ್ದವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು, ಬರೆದರೆ ಯೋಚನೆ ಚೊಕ್ಕವಾಗುತ್ತದೆ ಎಂದು ಕ್ಲಾಸಿನಲ್ಲಿ ನಿಯಮ ಮಾಡಿದರು. ಇಪ್ಪತ್ತು ವರ್ಷ ಒಂದೇ ಪಾಠ ಹೇಳಿದ್ದರಿಂದ ಮಕ್ಕಳು ಪಾಠ ಒಪ್ಪಿಸುವಾಗ ತಪ್ಪಿದರೆ ತುಟಿ ನೋಡಿಯೇ ಹಿಡಿಯುತ್ತಿದ್ದರು. ಮೇಷ್ಟ್ರು ಬಹಳ ಕಟ್ಟುನಿಟ್ಟು ಎಂದು ಹೆಸರಾಯಿತು.

ಅವರಿದ್ದದ್ದು ಐದು ಮನೆಗಳ ವಠಾರದ ಒಂದು ಕೊನೆಯಲ್ಲಿ. ಹೆಂಡತಿ ವಿಷಮಜ್ವರದಲ್ಲಿ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಕ್ಕದ ಮನೆಯ ಅಂಬುಜಮ್ಮ ಎರಡು ಸಲ ಹಿಂದಿನಿಂದ ಕರೆದು ಹುಳಿ ಬೇಕೇ ಎಂದು ಕೇಳಿದ್ದರು. ಮೇಷ್ಟ್ರು ತಿರುಗಿಯೂ ನೋಡದೆ ಒಳಗೆ ಹೋದರು. ಮೂರನೇ ಸಲ ಆಕೆ ಕರೆಯಲಿಲ್ಲ. ವಠಾರದವರು ಇವರಿಗೆ ಜಂಬ ಎಂದುಕೊಂಡರು. ಇವರು, ನನ್ನನ್ನು ಕಂಡರೆ ಎಲ್ಲರಿಗೂ ಬೇಸರ ಬಂದಿದೆ ಎಂದುಕೊಂಡರು.

೧೯೫೪ರ ಜನವರಿಯಲ್ಲಿ ಕೊನೆಯ ತರಗತಿಗೆ ವಿದ್ಯುತ್ತಿನ ಪಾಠ ಬಂತು. ಮೇಷ್ಟ್ರಿಗೆ ಇಷ್ಟವಾದ ಪಾಠ ಅದು. ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ಎರಡು ತಂತಿ ಮೇಜಿನ ಮೇಲಿಟ್ಟರು. ಸೆಲ್ಲಿನ ಒಂದು ತುದಿಯಿಂದ ಹೊರಟ ಕರೆಂಟು ಬಲ್ಬನ್ನು ಹಾದು ಇನ್ನೊಂದು ತುದಿಗೆ ವಾಪಸ್ಸು ಬರಬೇಕು, ಸುತ್ತು ಪೂರ್ತಿಯಾದರೆ ಮಾತ್ರ ದೀಪ ಎಂದು ಹೇಳಿ, ತಂತಿ ಮುಟ್ಟಿಸಿ ಹತ್ತಿಸಿದರು, ಎತ್ತಿ ಆರಿಸಿದರು. ನಡುವೆ ಹಿತ್ತಾಳೆಯ ಬೀಗದ ಕೈ ಇಟ್ಟರೆ ಹತ್ತಿತು, ನೂಲಿನ ಎಳೆ ಇಟ್ಟರೆ ಇಲ್ಲ. ಮಕ್ಕಳು ಮೇಜಿನ ಸುತ್ತ ಮುಗಿಬಿದ್ದರು. ಆ ಹೊತ್ತಿನಲ್ಲಿ ಮೇಷ್ಟ್ರಿಗೆ ತಮ್ಮ ಕಿವಿಯ ಯೋಚನೆಯೇ ಇರಲಿಲ್ಲ.

ಆಮೇಲೆ ಎರಡು ಸೆಲ್ಲು ಜೋಡಿಸಿ ವಿದ್ಯುತ್ ಗಂಟೆ ತೆಗೆದರು. ಗುಂಡಿ ಒತ್ತಿದರೆ ತಂತಿ ಸುತ್ತಿದ ಕಬ್ಬಿಣ ಆಯಸ್ಕಾಂತವಾಗಿ ಪುಟ್ಟ ಸುತ್ತಿಗೆಯನ್ನು ಎಳೆಯುತ್ತದೆ. ಎಳೆದ ಕೂಡಲೇ ಸುತ್ತು ಕಡಿದು ಸುತ್ತಿಗೆ ಹಿಂದಕ್ಕೆ ಬರುತ್ತದೆ. ಬಂದ ಕೂಡಲೇ ಮತ್ತೆ ಸುತ್ತು ಕೂಡುತ್ತದೆ ಎಂದು ವಿವರಿಸಿ ಗುಂಡಿ ಒತ್ತಿದರು. ಸುತ್ತಿಗೆ ಪಟಪಟನೆ ಆಡಿತು.

"ಕೊನೇ ಬೆಂಚಿನವ್ರಿಗೂ ಕೇಳ್ತಿದೆಯಲ್ಲ? ಎಷ್ಟು ಜೋರಾಗಿ ಬಾರಿಸ್ತಿದೆ ನೋಡಿ" ಎಂದರು.

ಗಂಟೆಯ ಬಟ್ಟಲಿನ ತಿರುಪು ಸಡಿಲವಾಗಿ, ಬಟ್ಟಲು ಒಂದಿಷ್ಟು ಪಕ್ಕಕ್ಕೆ ಸರಿದಿತ್ತು. ಸುತ್ತಿಗೆ ಬರೀ ಗಾಳಿಗೆ ಹೊಡೆಯುತ್ತಿತ್ತು. ಮೇಷ್ಟ್ರು ಅದನ್ನು ಗಮನಿಸಿರಲಿಲ್ಲ.

ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದೆ ಒಬ್ಬ ನಕ್ಕ. ನಗು ಬೆಂಚಿನಿಂದ ಬೆಂಚಿಗೆ ದಾಟಿ ಇಡೀ ಕ್ಲಾಸು ಬಾಯಿ ತೆರೆದು ನಗುತ್ತಿತ್ತು. ಅದರಲ್ಲಿ ಒಂದು ಚೂರೂ ಮೇಷ್ಟ್ರ ಕಿವಿಗೆ ಬೀಳಲಿಲ್ಲ. ಏಕೆ ನಗುತ್ತಿದ್ದಾರೆ ಎಂದು ತಿಳಿಯದೆ ಅವರೂ ತುಸು ನಕ್ಕರು.

ಮುಂದಿನ ಬೆಂಚಿನ ಶಿವಕುಮಾರಿ ನಗಲಿಲ್ಲ. ಪೇಟೆಯ ಜವಳಿ ವ್ಯಾಪಾರಿಯ ಮಗಳು, ಮಾತು ಕಡಿಮೆ. ಎದ್ದು ಬಂದು ಬಟ್ಟಲನ್ನು ಬೆರಳಲ್ಲಿ ತೋರಿಸಿ, ಅದನ್ನು ಸರಿಯಾಗಿ ಕೂರಿಸಿ, ತಿರುಪು ಬಿಗಿ ಮಾಡಿದಳು. ಮೇಷ್ಟ್ರು ಗುಂಡಿ ಒತ್ತಿದರು. ಮಕ್ಕಳು ಬೆಚ್ಚಿ ನಗು ನಿಲ್ಲಿಸಿದರು. ಮೇಷ್ಟ್ರು ಬಟ್ಟಲನ್ನು ಮುಟ್ಟಿದಾಗ ಅದು ಬೆರಳ ಕೆಳಗೆ ನಡುಗುತ್ತಿತ್ತು.

ನಿಮ್ಮನ್ನು ಪರೀಕ್ಷೆ ಮಾಡಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿದುಹೋಗಿದೆ ಎಂದು ಅವರಿಗೆ ಕಂಡಿತು.

"ನಂಗೆ ಕಿವಿ ಕೇಳ್ಸಲ್ಲ" ಎಂದರು ಮೇಷ್ಟ್ರು. "ಎರಡು ವರ್ಷ ಆಯ್ತು. ನಿಮ್ಮ ಹತ್ರ ಮುಚ್ಚಿಟ್ಟಿದ್ದೆ, ತಪ್ಪು ನಂದು."

ಅದೇ ಮಧ್ಯಾಹ್ನ ತಾವಾಗಿಯೇ ಹೆಡ್ಮಾಸ್ಟರ್ ಏಕಾಂತಯ್ಯನವರ ಕೋಣೆಗೆ ಹೋದರು. ಏಕಾಂತಯ್ಯ ಕೋಪ ಮಾಡಿಕೊಳ್ಳಲಿಲ್ಲ. ಮುಂಚೆಯೇ ಏಕೆ ಹೇಳಲಿಲ್ಲ ಎಂದು ಕಾಗದದ ಮೇಲೆ ಬರೆದು ಮುಂದಕ್ಕೆ ತಳ್ಳಿದರು.

"ಹೇಳಿದ್ರೆ ಮಕ್ಕಳು ಕೈತಪ್ಪಿ ಹೋಗ್ತಾರೆ ಅಂತ ಭಯ ಸಾರ್. ಮನೇಲಿ ನಂಗೆ ಯಾರೂ ಇಲ್ಲ."

ಏಕಾಂತಯ್ಯ ವಿಷಯವನ್ನು ಶಾಲೆಯ ಕಮಿಟಿಯ ಮುಂದಿಟ್ಟರು. ಪರೀಕ್ಷೆ ಮುಗಿಯುವವರೆಗೆ ಪಾಠ ಹೇಳಬಹುದು, ಜೂನಿನಿಂದ ಪ್ರಯೋಗದ ಸಾಮಾನಿನ ಕೋಣೆ ನೋಡಿಕೊಳ್ಳಬೇಕು ಎಂದು ಕಮಿಟಿ ತೀರ್ಮಾನಿಸಿತು.

ಉಳಿದ ಮೂರು ತಿಂಗಳು ಚೆನ್ನಾಗಿ ಕಳೆದವು. ನಕ್ಕವರೇ ನೋಟ್‌ಬುಕ್ಕು ಹಿಡಿದು ಸಾಲು ನಿಲ್ಲುತ್ತಿದ್ದರು. ಒಂದೇ ಸುತ್ತಿನಲ್ಲಿ ಎರಡು ಬಲ್ಬು ಹಾಕಿದರೆ ಎರಡೂ ಏಕೆ ಮಂಕಾಗುತ್ತವೆ ಎಂದು ಶಿವಕುಮಾರಿ ಬರೆದು ಕೇಳಿದಳು. ಒಂದರ ಹಿಂದೆ ಒಂದು ಕೂತರೆ ಸೆಲ್ಲಿನ ಬಲ ಎರಡಕ್ಕೂ ಹಂಚಿಹೋಗುತ್ತದೆ, ಬೇರೆ ಬೇರೆ ಸುತ್ತು ಕೊಟ್ಟು ನೋಡು ಎಂದರು ಮೇಷ್ಟ್ರು. ಅವಳು ತಾನೇ ತಂತಿ ಜೋಡಿಸಿ ಎರಡನ್ನೂ ಚೆನ್ನಾಗಿ ಬೆಳಗಿಸಿದಳು. ವಠಾರದಲ್ಲಿ ಹೇಳಿಕೊಳ್ಳಲು ಮಾತ್ರ ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಎಷ್ಟೋ ಸಂಜೆ ಅಂಬುಜಮ್ಮನ ಬಾಗಿಲವರೆಗೆ ಹೋಗಿ ಹಿಂತಿರುಗಿದರು.

ಏಪ್ರಿಲ್ ಕಳೆಯಿತು. ಶಿವಕುಮಾರಿ, ಅವಳ ಜೊತೆಯವರು ಬೇರೆ ಬೇರೆ ಹೈಸ್ಕೂಲು ಸೇರಿದರು. ಮೇಷ್ಟ್ರ ಜಾಗಕ್ಕೆ ರಾಮಾನುಜ ಎಂಬ ಹೊಸಬರು ಬಂದರು. ವೆಂಕಟಾಚಲ ಮೇಷ್ಟ್ರು ಸಾಮಾನಿನ ಕೋಣೆಯಲ್ಲಿ ಕೂತು ಹಲಗೆ ಕೊಯ್ದು, ಬಲ್ಬು ತಂತಿ ಕೂರಿಸಿ, ಇಬ್ಬಿಬ್ಬರು ಮಕ್ಕಳಿಗೆ ಒಂದರಂತೆ ಹದಿನೆಂಟು ಹಲಗೆ ಮಾಡಿದರು.

ವಿದ್ಯುತ್ತಿನ ಪಾಠದ ದಿನ ಜವಾನ ರಾಮಾನುಜರ ಚೀಟಿ ತಂದು ಕೊಟ್ಟು ಹಲಗೆಗಳನ್ನು ಹೊತ್ತುಕೊಂಡು ಹೋದ. ಸಂಜೆ ವಾಪಸ್ಸು ತಂದ. ಪಾಠ ಹೇಗಾಯಿತು ಎಂದು ಕೇಳಿದರು. ಅವನೇನೋ ಹೇಳಿ ಹೊರಟುಹೋದ. ಮೇಷ್ಟ್ರು ಒಂದೊಂದೇ ಹಲಗೆ ತೆಗೆದು ಹತ್ತಿಸಿ ನೋಡಿದರು. ಏಳನೆಯದರಲ್ಲಿ ಯಾವುದೋ ಮಗು ತಂತಿಯನ್ನು ಅಡ್ಡಾದಿಡ್ಡಿ ಸುತ್ತಿ ಬಿಟ್ಟಿತ್ತು. ಅದನ್ನು ಬಿಡಿಸಿ ನೇರ ಮಾಡುತ್ತ, ಯಾರಾದರೂ ನೋಟ್‌ಬುಕ್ಕು ಹಿಡಿದು ಬಂದಾರೆಂದು ಬಾಗಿಲು ತೆರೆದೇ ಇಟ್ಟುಕೊಂಡು, ಶಾಲೆಯ ಅಂಗಳ ಪೂರ್ತಿ ಖಾಲಿಯಾಗುವವರೆಗೂ ಕೂತಿದ್ದರು.